ಒಂದು ತರಗತಿಗೆ ಇಬ್ಬರು ಗುರುಗಳು: ಕೆಥೋಲಿಕ ಪ್ರಾಥಮಿಕ ಶಿಕ್ಷಣ ಮತ್ತು ಸಹಬೋಧನೆ

ನವಲಗುಂದ ತಾಲೂಕಿನ ಮೊರಬದಂತಹ ಎರೆನೆಲದ ಹಳ್ಳಿಯಲ್ಲಿ ಶಾಲೆಯೆಂದೊಡನೆ ಒಬ್ಬ ಮಾಸ್ತರರು, ಒಂದು ಕರಿಹಲಗೆ, ಎದುರಿಗೆ ಸಾಲಾಗಿ ಕುಳಿತ ಮಕ್ಕಳು ಎಂಬ ಚಿತ್ರವೇ ಕಣ್ಣಿಗೆ ಕಟ್ಟುತ್ತದೆ. ಇದಕ್ಕೆ ಭಿನ್ನವಾಗಿ, ಒಂದೇ ತರಗತಿಯಲ್ಲಿ ಇಬ್ಬರು ಶಿಕ್ಷಕರು ಕೂಡಿ ಯೋಚಿಸಿ, ಕೂಡಿ ಕಲಿಸುವ ಕ್ರಮಕ್ಕೆ ಸಹಬೋಧನೆ ಎಂದು ಹೆಸರು. ಇಂದು ಪರದೇಶಗಳ ಕೆಲವು ಕೆಥೋಲಿಕ ಪ್ರಾಥಮಿಕ ಶಾಲೆಗಳು ಇದನ್ನು ಅನುಸರಿಸುತ್ತಿವೆ. ಈ ಕ್ರಮವು ಹೊಸದೆಂದು ತೋರಿದರೂ ಇದರ ಹಿಂದಿನ ವಿಚಾರವು ಹಳೆಯದು. ಅದರ ಒಂದು ಎಳೆಯು ನಮ್ಮ ಸೀಮೆಯಲ್ಲಿಯೇ ದೊರೆಯುತ್ತದೆ.

ಸರಕಾರಿ ಶಾಲೆಗಳು ಬರುವುದಕ್ಕೆ ಮುಂಚೆ ಇಲ್ಲಿ ಗಾಂವಠಿ ಶಾಲೆಗಳಿದ್ದವು. ಉಸುಕಿನಲ್ಲಿ ಅಕ್ಷರ ತಿದ್ದುವುದು, ಮಗ್ಗಿಯನ್ನು ಬಾಯಿಪಾಠ ಮಾಡುವುದು ಅಲ್ಲಿಯ ರೂಢಿ. ಗುರುವು ಒಬ್ಬನೇ, ಆದರೆ ಮುಂದುವರಿದ ಹುಡುಗನು ಚಿಕ್ಕವರಿಗೆ ಪಾಠ ಹೇಳಿಕೊಡುತ್ತಿದ್ದನು. ಅಂತಹವನನ್ನು ನಮ್ಮ ಕಡೆ ಹಿರೇಮಣಿ ಎನ್ನುವರು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನು 1823ರಲ್ಲಿ ಸಲ್ಲಿಸಿದ ವರದಿಯಲ್ಲಿ ಆ ಜಿಲ್ಲೆಯ 533 ಶಾಲೆಗಳನ್ನೂ 6,641 ವಿದ್ಯಾರ್ಥಿಗಳನ್ನೂ ಲೆಕ್ಕಕ್ಕೆ ತಂದಿದ್ದಾನೆ. ಶಾಲೆಯೊಂದಕ್ಕೆ ಸರಾಸರಿ 12 ಮಕ್ಕಳಾದರು. ಹಿರಿಯ ಹುಡುಗರು ಕಿರಿಯರಿಗೆ ಕಲಿಸುವ ಪದ್ಧತಿಯನ್ನು ಅವನು ಮನಸಾರೆ ಮೆಚ್ಚಿದನು; ಅರ್ಥ ತಿಳಿಯದೆ ಕಂಠಪಾಠ ಮಾಡುವುದನ್ನು ಮಾತ್ರ ಆಕ್ಷೇಪಿಸಿದನು. ಇಂತಹ ಪದ್ಧತಿಯನ್ನೇ ಆಂಗ್ಲಿಕನ್ ಪಾದ್ರಿಯಾದ ಆಂಡ್ರೂ ಬೆಲ್ಲನು ಮದ್ರಾಸಿನ ಅನಾಥ ಬಾಲಕರ ಶಾಲೆಯಲ್ಲಿ ಅಳವಡಿಸಿ, 1797ರಲ್ಲಿ ಲಂಡನ್ನಿನಲ್ಲಿ ಪ್ರಕಟಪಡಿಸಿದನು. ಅದು ಮದ್ರಾಸು ಪದ್ಧತಿಯೆಂದು ಅಲ್ಲಿ ಪ್ರಸಿದ್ಧವಾಯಿತು.

ಆದರೆ ಹಿರೇಮಣಿಯು ಗುರುವಲ್ಲ, ಗುರುವಿನ ಬದಲಿಗೆ ನಿಂತ ಬಾಲಕನು. ಇಂಗ್ಲೆಂಡಿನಲ್ಲಿ ಒಬ್ಬನೇ ಶಿಕ್ಷಕನ ಕೈಕೆಳಗೆ ನೂರಾರು ಮಕ್ಕಳನ್ನು ಕೂಡಿಸಲು ಈ ಪದ್ಧತಿಯು ಅನುಕೂಲವಾಯಿತು; ಖರ್ಚು ಉಳಿಯಿತು. ಶಿಕ್ಷಕರ ಕೊರತೆಯನ್ನು ನೀಗಿಸುವುದು ಬೇರೆ, ಶಿಕ್ಷಕರಿಬ್ಬರನ್ನು ಜೊತೆಗೂಡಿಸುವುದು ಬೇರೆ.

ಎರಡನೆಯ ವಿಚಾರದ ಬೀಜವನ್ನು ಕೆಥೋಲಿಕ ಪರಂಪರೆಯಲ್ಲಿ ಕಾಣಬಹುದು. ಫ್ರಾನ್ಸಿನ ರೀಮ್ಸ್ ನಗರದವನಾದ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲನು ಬಡಮಕ್ಕಳ ಶಾಲೆಗಳಿಗಾಗಿ ಸಹೋದರರ ಸಂಘವೊಂದನ್ನು ಕಟ್ಟಿದನು. 1694ರಲ್ಲಿ ಅವನೂ ಅವನ 12 ಮಂದಿ ಸಂಗಡಿಗರೂ ಶುಲ್ಕವಿಲ್ಲದ ಶಾಲೆಗಳನ್ನು ಒಟ್ಟುಗೂಡಿ, ಸಂಘಟಿತರಾಗಿ ನಡೆಸುವ ವ್ರತವನ್ನು ಕೈಕೊಂಡರು. ಅವರ ಶಾಲೆಗಳಲ್ಲಿ ಓದು ಲ್ಯಾಟಿನಿನಿಂದಲ್ಲ, ಫ್ರೆಂಚ್ ಭಾಷೆಯಿಂದ ಆರಂಭವಾಗುತ್ತಿತ್ತು. ಒಂದೊಂದು ತರಗತಿಗೆ ಒಬ್ಬೊಬ್ಬನೇ ಶಿಕ್ಷಕನಿದ್ದುದರಿಂದ ಇದು ಇಂದಿನ ಅರ್ಥದ ಸಹಬೋಧನೆಯಲ್ಲ. ಆದರೂ ಬೋಧನೆಯು ಒಂಟಿಯಾಗಿ ಮಾಡುವ ಕಾರ್ಯವಲ್ಲವೆಂಬ ತತ್ತ್ವವು ಅಲ್ಲಿ ಸ್ಪಷ್ಟವಾಗಿದೆ.

ಕರ್ನಾಟಕದಲ್ಲಿ ಕೆಥೋಲಿಕ ಶಿಕ್ಷಣದ ಮುಖ್ಯ ನೆಲೆ ಮಂಗಳೂರು. ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು 1870ರಲ್ಲಿ ಅಲ್ಲಿಗೆ ಬಂದು ಬಾಲಿಕೆಯರ ಶಿಕ್ಷಣಕ್ಕೆ ತೊಡಗಿದರು. 1880ರಲ್ಲಿ ಜೆಸುಯಿಟರ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಕರಾವಳಿಯ ಇಗರ್ಜಿಗಳ ಆಶ್ರಯದ ಕನ್ನಡ ಪ್ರಾಥಮಿಕ ಶಾಲೆಗಳಲ್ಲಿ ಕ್ರೈಸ್ತ ಮಕ್ಕಳ ಮನೆಮಾತು ಕೊಂಕಣಿ, ಪಾಠದ ಭಾಷೆ ಕನ್ನಡ. ಮಗುವಿನ ಮಾತಿಗೂ ಪುಸ್ತಕಕ್ಕೂ ನಡುವೆ ಅಂತರವಿರುವಲ್ಲಿ, ಒಬ್ಬರು ಪಾಠ ನಡೆಸುತ್ತಿರಲು ಇನ್ನೊಬ್ಬರು ಮಗುವಿನ ಬಳಿ ಕುಳಿತು ಅದರ ಮಾತಿನಲ್ಲಿಯೇ ತಿಳಿಯಹೇಳುವುದು ಎಷ್ಟು ಉಪಯುಕ್ತವೆಂಬುದನ್ನು ವಿವರಿಸಬೇಕಾಗಿಲ್ಲ. ಧಾರವಾಡ ಜಿಲ್ಲೆಯನ್ನೊಳಗೊಂಡ ಬೆಳಗಾವಿ ಧರ್ಮಪ್ರಾಂತವು ರಚಿತವಾದುದು 1953ರಲ್ಲಿ. ನಮ್ಮ ಜಿಲ್ಲೆಯ ಮಿಶನರಿ ಶಿಕ್ಷಣದಲ್ಲಿ ಅದಕ್ಕೂ ಬಹು ಮುಂಚೆ ಕಾಲಿಟ್ಟುದು ಪ್ರಾಟೆಸ್ಟೆಂಟರ ಬಾಸೆಲ್ ಮಿಶನ್; ಅದು ಧಾರವಾಡಕ್ಕೆ 1837ರಲ್ಲಿ ಬಂದಿತು.

ಇಂದಿನ ಸಹಬೋಧನೆಯು ರೂಪುಗೊಂಡುದು ಅಮೆರಿಕದಲ್ಲಿ. ಅಂಗವಿಕಲ ಮಕ್ಕಳಿಗೂ ಸಾರ್ವಜನಿಕ ಶಿಕ್ಷಣದ ಹಕ್ಕು ಉಂಟೆಂದು 1975ರ ಅಲ್ಲಿಯ ಕಾನೂನು ವಿಧಿಸಿದ ಬಳಿಕ, ಸಾಮಾನ್ಯ ಶಿಕ್ಷಕರೂ ವಿಶೇಷ ಶಿಕ್ಷಕರೂ ಕ್ರಮೇಣ ಒಂದೇ ಕೋಣೆಯಲ್ಲಿ ಕೂಡಿದರು. ಲಿನ್ ಕುಕ್ ಮತ್ತು ಮೆರಿಲಿನ್ ಫ್ರೆಂಡ್ ಎಂಬ ವಿದುಷಿಯರು 1995ರಲ್ಲಿ ಇದರ ರೂಪಗಳನ್ನು ವಿಂಗಡಿಸಿದರು. ಒಬ್ಬರು ಕಲಿಸಿ ಇನ್ನೊಬ್ಬರು ನೆರವಾಗಬಹುದು. ಮಕ್ಕಳನ್ನು ಎರಡು ಗುಂಪು ಮಾಡಿ ಒಂದೇ ಪಾಠವನ್ನು ಇಬ್ಬರೂ ನಡೆಸಬಹುದು. ಹಿಂದುಳಿದ ಕೆಲವರನ್ನು ಒಬ್ಬರು ಬೇರೆಯಾಗಿ ನೋಡಿಕೊಳ್ಳಬಹುದು. ಇಬ್ಬರೂ ಕೂಡಿಯೇ ಪಾಠ ಹೇಳಬಹುದು. ಮೊದಲನೆಯದು ಸುಲಭ, ಆದರೆ ಸದಾ ಅದನ್ನೇ ಹಿಡಿದರೆ ಎರಡನೆಯ ಶಿಕ್ಷಕನು ಮತ್ತೆ ಹಿರೇಮಣಿಯೇ ಆಗುವನು.

ಈ ಚರ್ಚೆಯು ಮೊರಬದ ಸೀಮೆಗೆ ದೂರದ್ದಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ಇಯತ್ತೆಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಇಬ್ಬರಿಗೆ ಐದು ಇಯತ್ತೆಗಳಾದರೆ, ಅವುಗಳನ್ನು ಹಂಚಿಕೊಂಡು ತಮ್ಮ ತಮ್ಮ ಕೋಣೆ ಸೇರುವುದೇ ಸಹಜವೆನಿಸುತ್ತದೆ. ಕಾನೂನು ಶಿಕ್ಷಕರ ಸಂಖ್ಯೆಯನ್ನು ಗೊತ್ತುಪಡಿಸಬಲ್ಲದು, ಅವರ ಕೂಡುವಿಕೆಯನ್ನಲ್ಲ. ದಿನಕ್ಕೆ ಒಂದು ತಾಸಾದರೂ ಇಬ್ಬರೂ ಒಂದೆಡೆ ನಿಂತು ಓದು ಅಥವಾ ಲೆಕ್ಕವನ್ನು ಕಲಿಸಿದರೆ, ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತ ಮಗುವಿನ ಬಳಿಗೆ ಒಬ್ಬರಾದರೂ ಹೋಗಲು ಸಾಧ್ಯ. ಇದಕ್ಕೆ ಹೊಸ ಕಟ್ಟಡ ಬೇಡ. ಮುನ್ನಾ ದಿನ ಇಬ್ಬರೂ ಕೂಡಿ ಪಾಠವನ್ನು ಯೋಜಿಸಲು ಬಿಡುವು ಬೇಕು, ಇಬ್ಬರಲ್ಲಿ ಮೇಲು ಕೀಳೆಂಬ ಭಾವವಿರಕೂಡದು. ಗಾಂವಠಿ ಶಾಲೆಯಿಂದ ನೆರವಿನ ರೂಢಿಯನ್ನೂ, ಲಾಸಾಲನ ಸಂಘದಿಂದ ಸಮಾನತೆಯನ್ನೂ ಕಲಿತುಕೊಂಡರೆ ನಮ್ಮ ಇಬ್ಬರು ಶಿಕ್ಷಕರ ಶಾಲೆಯು ಅದರ ಹೆಸರಿಗೆ ತಕ್ಕುದಾಗುವುದು.