ದುಂಡು ಬಿಟ್ಟು, ಚೌಕ ಮೂಲೆ

ಸಿದ್ದಾಪುರದ ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಮನೆತನದ್ದು ಮರಗೆಲಸ, ಅಪ್ಪ ಇವತ್ತಿಗೂ ಉಳಿ-ಕೊಡತಿ ಹಿಡಿಯುತ್ತಾರಂತೆ. ಮಗನಿಗೆ ಸಿಎನ್‌ಸಿ ರೌಟರಿನ ಮೇಲೆ ಮನಸ್ಸು. 'ಕಪಾಟು ವಿನ್ಯಾಸ ಮಾಡಲು ಯಾವ ಸಾಫ್ಟ್‌ವೇರ್ ಕಲಿಯಲಿ? ಅದನ್ನು ಕಲಿತ ಮೇಲೆ ಉಳಿ ಹಿಡಿಯುವುದನ್ನು ಕಲಿಯದಿದ್ದರೂ ನಡೆಯುತ್ತದಲ್ಲವೇ?' ಎಂದು ಕೇಳಿದ್ದಾರೆ. ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು, ಕೊನೆಗಿರಲಿ. ಎರಡನೆಯದಕ್ಕೆ ಉತ್ತರ ಕಪಾಟಿನ ಮೂಲೆಯಲ್ಲೇ ಅಡಗಿದೆ. ಅದನ್ನು ಹೇಳುವ ಖುಷಿಗೇ ಈ ಲೇಖನ.

ಯಂತ್ರದ ವಿಷಯ ಬೇಗ ಮುಗಿಸುತ್ತೇನೆ. ಎಂಟಡಿ-ನಾಲ್ಕಡಿಯ ಪ್ಲೈವುಡ್ ಹಾಳೆ, ಅಂದರೆ 2440 × 1220 ಮಿ.ಮೀ., ಮಲಗುವಷ್ಟು ದೊಡ್ಡ ಮೇಜು. ಅದರ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೇಲೆ-ಕೆಳಗೆ ಓಡಾಡುವ ಮೋಟರು. ತುದಿಯಲ್ಲಿ ನಿಮಿಷಕ್ಕೆ 24,000 ಸುತ್ತಿನವರೆಗೂ ತಿರುಗಬಲ್ಲ, ಮರ ಕೊರೆಯುವ ಬಿಟ್ಟು. ಎಲ್ಲಿಗೆ ಹೋಗಬೇಕು, ಎಷ್ಟು ಇಳಿಯಬೇಕು ಎಂಬುದನ್ನು ಸಾಲುಸಾಲಾಗಿ ಹೇಳುವ ಆಜ್ಞೆಗಳ ಪಟ್ಟಿಗೆ ಜಿ-ಕೋಡ್ ಎನ್ನುತ್ತಾರೆ. ಹೆಲಿಕಾಪ್ಟರಿನ ರೆಕ್ಕೆಯ ತಿರುವುಗಳು ನಿಖರವಾಗಿ ಬರಬೇಕೆಂದು ಜಾನ್ ಪಾರ್ಸನ್ಸ್ ಎಂಬ ಅಮೆರಿಕದ ಉದ್ಯಮಿ ಹಟ ಹಿಡಿದದ್ದರ ಫಲ ಈ ಯಂತ್ರ. 1952ರಲ್ಲಿ ಎಂಐಟಿಯವರು ತೂತು ಹೊಡೆದ ಕಾಗದದ ಪಟ್ಟಿಯಿಂದ ಆಜ್ಞೆ ಪಡೆಯುವ ಯಂತ್ರವನ್ನು ಪ್ರದರ್ಶಿಸಿದರು. ಅದು ಲೋಹ ಕೊರೆಯುತ್ತಿತ್ತು, ಶಿರಸಿ-ಯಲ್ಲಾಪುರದ ಕಡೆ ಬಾಗಿಲಿನ ಮೇಲೆ ಬಳ್ಳಿ ಬಿಡಿಸುವುದು ಅದರ ಮೊಮ್ಮಗ.

ಈಗ ಮೂಲೆಗೆ ಬರೋಣ.

ಕಪಾಟಿನ ಪಕ್ಕದ ಹಲಗೆಯಲ್ಲಿ ಒಂದು ಚೌಕ ಕಚ್ಚು ಕೊರೆಯಬೇಕು, ಅದರೊಳಗೆ ಅಡ್ಡ ಹಲಗೆಯ ಕಿವಿ ಕೂರಬೇಕು ಅಂದುಕೊಳ್ಳಿ. ತೆರೆಯ ಮೇಲೆ ಚೌಕ ಎಳೆಯುವುದು ಯಾರಿಗೂ ಬರುತ್ತದೆ. ಆದರೆ ಕೊರೆಯುವ ಬಿಟ್ಟು ದುಂಡಗಿದೆ. 6 ಮಿ.ಮೀ. ಬಿಟ್ಟು ಎಷ್ಟೇ ಬುದ್ಧಿವಂತಿಕೆಯಿಂದ ತಿರುಗಿದರೂ ಒಳಮೂಲೆಯಲ್ಲಿ 3 ಮಿ.ಮೀ. ತ್ರಿಜ್ಯದ ದುಂಡು ಉಳಿದೇ ಉಳಿಯುತ್ತದೆ. ಮೂಲೆಯ ತುದಿಗೂ ಬಿಟ್ಟು ಮುಟ್ಟಿದ ಜಾಗಕ್ಕೂ ನಡುವಿನ ಅಂತರ, ಶಾಲೆಯ ಪೈಥಾಗೊರಸ್ ಲೆಕ್ಕದಲ್ಲೇ, ಸುಮಾರು 1.24 ಮಿ.ಮೀ. ಅಕ್ಕಿಕಾಳಿನ ದಪ್ಪಕ್ಕಿಂತ ಕಡಿಮೆ. ಅಷ್ಟು ಸಾಕು, ಚೌಕ ಕಿವಿ ಒಳಗೆ ಇಳಿಯುವುದಿಲ್ಲ. ಲಕ್ಷಗಟ್ಟಲೆ ಬೆಲೆಯ ಯಂತ್ರ ಕೈಚೆಲ್ಲುವ ಈ ಜಾಗದಲ್ಲಿ ಪತ್ರ ಬರೆದವರ ತಂದೆ ಅರ್ಧ ಅಂಗುಲದ ಉಳಿ ಇಟ್ಟು, ಕೊಡತಿಯಲ್ಲಿ ಎರಡು ಪೆಟ್ಟು ಕೊಟ್ಟು ಮುಗಿಸಿಬಿಡುತ್ತಾರೆ.

ಸಾಫ್ಟ್‌ವೇರಿನವರು ಇದಕ್ಕೆ ಕಂಡುಕೊಂಡ ಉಪಾಯ ಸೊಗಸಾಗಿದೆ. ಮೂಲೆ ಚೌಕವಾಗದಿದ್ದರೆ ಬೇಡ, ಮೂಲೆಯನ್ನೇ ತೆಗೆದುಬಿಡೋಣ ಎಂದರು. ಬಿಟ್ಟು ಮೂಲೆಗೆ ಬಂದಾಗ ಕರ್ಣದ ದಿಕ್ಕಿನಲ್ಲಿ ಆ 1.24 ಮಿ.ಮೀ. ಮುಂದಕ್ಕೆ ಹೋಗಿ ವಾಪಸು ಬರುತ್ತದೆ. ನಾಲ್ಕೂ ಮೂಲೆಗೆ ಪುಟ್ಟ ದುಂಡು ಕುಳಿ ಮೂಡಿ, ಕಚ್ಚು ನಾಯಿ ಕಡಿಯುವ ಮೂಳೆಯ ಚಿತ್ರದ ಹಾಗೆ ಕಾಣುತ್ತದೆ. 'ಡಾಗ್‌ಬೋನ್' ಅಂತಲೇ ಅದಕ್ಕೆ ಹೆಸರು. ಈ ಕುಳಿ ಕಣ್ಣಿಗೆ ಬೀಳಬಾರದು ಅನ್ನುವವರು ಅದನ್ನು ಒಂದೇ ಬದಿಗೆ ತಳ್ಳಿ, ಕೂರುವ ಹಲಗೆಯ ದಪ್ಪದಡಿ ಮುಚ್ಚುತ್ತಾರೆ. ಕಪಾಟಿನ ಸಾಫ್ಟ್‌ವೇರ್ ಇದನ್ನೆಲ್ಲ ಒಂದು ಗುಂಡಿ ಒತ್ತಿದರೆ ಮಾಡಿಕೊಡುತ್ತದೆ. ಆದರೆ ಯಾವ ಮೂಲೆ ಹೊರಗೆ ಕಾಣುತ್ತದೆ, ಯಾವುದು ಒಳಗೆ ಅಡಗುತ್ತದೆ ಎಂದು ಅದಕ್ಕೆ ಹೇಳಬೇಕಾದವರು ನೀವು.

ಕೆತ್ತನೆಯ ಕೆಲಸದಲ್ಲಿ ಯಂತ್ರ ಇದೇ ಮೂಲೆಯನ್ನು ಬೇರೆ ಬಗೆಯಲ್ಲಿ ಗೆಲ್ಲುತ್ತದೆ. ಇದು ನನ್ನ ಮೆಚ್ಚಿನ ಭಾಗ. ದುಂಡು ಬಿಟ್ಟಿನ ಬದಲು ಬುಗುರಿಯಂತೆ ಚೂಪಾದ, 90 ಡಿಗ್ರಿ ಕೋನದ ಬಿಟ್ಟು ಹಾಕಿ. ಅದು ಆಳಕ್ಕಿಳಿದಷ್ಟೂ ಅಗಲವಾಗಿ, ಮೇಲೆದ್ದಷ್ಟೂ ಕಿರಿದಾಗಿ ಕೊರೆಯುತ್ತದೆ. ಹಾಗಾದರೆ ಅಗಲ ಇರುವಲ್ಲಿ ಆಳಕ್ಕಿಳಿದು, ಮೂಲೆ ಹತ್ತಿರವಾದಂತೆ ಮೇಲೇರುತ್ತ ಹೋದರೆ? ಕೊನೆಗೆ ಮೂಲೆಯ ತುದಿಯನ್ನು ಮುಟ್ಟುವುದು ಬಿಟ್ಟಿನ ಚೂಪು ಮಾತ್ರ, ಮೂಲೆ ಸೂಜಿಯಂತೆ ಮೂಡುತ್ತದೆ. ಎಲ್ಲಿ ಎಷ್ಟು ಆಳ ಎಂಬ ಲೆಕ್ಕಕ್ಕೆ ಬೇಕಾದ ಗಣಿತ ಬಂದದ್ದು ಜೀವಿಗಳ ಆಕಾರವನ್ನು ವರ್ಣಿಸುವುದು ಹೇಗೆಂದು ತಲೆ ಕೆಡಿಸಿಕೊಂಡಿದ್ದ ಹ್ಯಾರಿ ಬ್ಲಮ್ ಎಂಬ ವಿಜ್ಞಾನಿಯಿಂದ, 1967ರಲ್ಲಿ. ಅವನು ಹುಲ್ಲಿಗೆ ಹಚ್ಚಿದ ಬೆಂಕಿಯ ಮೂಲಕ ಅದನ್ನು ವಿವರಿಸಿದ. ನಮ್ಮ ಬೇಣದ ಒಣಹುಲ್ಲಿಗೆ ಸುತ್ತ ಅಂಚಿನುದ್ದಕ್ಕೂ ಒಂದೇ ಹೊತ್ತಿಗೆ ಬೆಂಕಿ ಹಚ್ಚಿದರೆ, ಗಾಳಿ ಇಲ್ಲದ ದಿನ, ಬೆಂಕಿ ಒಂದೇ ವೇಗದಲ್ಲಿ ಒಳಗೆ ಸರಿಯುತ್ತದೆ. ಎರಡು ಕಡೆಯ ಬೆಂಕಿ ಒಂದನ್ನೊಂದು ಎದುರಾಗಿ ಆರುವ ಜಾಗಗಳನ್ನು ಸೇರಿಸಿದರೆ ಆ ಬೇಣದ ನಡುಗೆರೆ ಸಿಕ್ಕಿತು. ಬಿಟ್ಟು ಓಡುವುದು ಆ ಗೆರೆಯ ಮೇಲೆ. ಬೆಂಕಿ ಅಲ್ಲಿಗೆ ತಲುಪಲು ಎಷ್ಟು ದೂರ ಸಾಗಿತ್ತೋ ಅಷ್ಟೇ ಆಳ. 60 ಡಿಗ್ರಿಯ ಬಿಟ್ಟಾದರೆ ಅದರ 1.73 ಪಟ್ಟು.

ಶಿರಸಿ, ಸಿದ್ದಾಪುರ, ಸಾಗರ, ಸೊರಬದ ಗುಡಿಗಾರರು ಶ್ರೀಗಂಧದಲ್ಲಿ ಎಲೆಯ ತುದಿ ಎತ್ತುವಾಗ ಉಳಿಯನ್ನು ಹಾಗೆಯೇ ಮೇಲಕ್ಕೆ ಜಾರಿಸುತ್ತಾರೆ. 1883ರ ಕೆನರಾ ಗೆಝೆಟಿಯರ್‌ನಲ್ಲೂ ಈ ಗುಡಿಗಾರರ ಪ್ರಸ್ತಾಪವಿದೆ. ಬ್ಲಮ್‌ನ ಲೆಕ್ಕವನ್ನು ಅವರ ಮಣಿಕಟ್ಟು ಅದಕ್ಕೂ ಎಷ್ಟೋ ಮೊದಲಿನಿಂದ ಮಾಡುತ್ತ ಬಂದಿದೆ. ಹಾಗೆಂದು 'ನಮ್ಮವರಿಗೆ ಎಲ್ಲ ಮೊದಲೇ ಗೊತ್ತಿತ್ತು' ಎಂದು ಎದೆ ತಟ್ಟುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಕೈಗೆ ಗೊತ್ತಿರುವುದು ಒಂದು, ಅದನ್ನು ಯಂತ್ರಕ್ಕೂ ತಿಳಿಯುವ ಹಾಗೆ ಬಿಡಿಸಿ ಹೇಳುವುದು ಇನ್ನೊಂದು. ಸಾಫ್ಟ್‌ವೇರ್ ಕಲಿಯುವುದೆಂದರೆ ಈ ಎರಡನೆಯದನ್ನು ಕಲಿಯುವುದು. ಹೇಳಲು ಮೊದಲನೆಯದು ಇರಲೇಬೇಕಲ್ಲ!

ನಾಮಫಲಕ ಕೆತ್ತುವವರಿಗೆ ಇಲ್ಲಿ ಒಂದು ಎಚ್ಚರಿಕೆ. ಹೊರದೇಶದ ಕೆತ್ತನೆ ತಂತ್ರಾಂಶಗಳಲ್ಲಿ ಹಲವಕ್ಕೆ ನಮ್ಮ ಒತ್ತಕ್ಷರ ಕೂಡಿಸಲು ಬಾರದು, 'ಕೃಷ್ಣ' ಎಂದು ಬರೆದರೆ ಅಕ್ಷರಗಳನ್ನು ಬಿಡಿಬಿಡಿಯಾಗಿ ಚೆಲ್ಲುತ್ತವೆ. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ. ಅಲ್ಲಿ ಬರೆದು, ಅಕ್ಷರವನ್ನು ರೇಖೆಯಾಗಿ ಬದಲಿಸಿ ಆಮೇಲೆ ಒಯ್ಯಿರಿ. ಮನೆಯ ಹೆಸರು ಒಮ್ಮೆ ಸಾಗವಾನಿಯಲ್ಲಿ ತಪ್ಪಾಗಿ ಕೊರೆದರೆ ಅಳಿಸುವ ರಬ್ಬರ್ ಇಲ್ಲ.

ಕಪಾಟಿಗೆ ವಾಪಸು ಬರೋಣ. ಹೊಸಬರು ಎಡವುವುದು ಚಿತ್ರ ಬಿಡಿಸುವುದರಲ್ಲಿ ಅಲ್ಲ, ಹಲಗೆಯ ದಪ್ಪದಲ್ಲಿ. '18 ಎಂ.ಎಂ.' ಎಂದು ಮುದ್ರೆ ಬಿದ್ದ ಪ್ಲೈವುಡ್ಡನ್ನು ಕ್ಯಾಲಿಪರ್ ಹಿಡಿದು ಅಳೆಯಿರಿ. 17.4 ಇರಬಹುದು, 18.3 ಇರಬಹುದು, ಒಂದೇ ಹಾಳೆಯ ಎರಡು ಮೂಲೆಗಳಲ್ಲೇ ವ್ಯತ್ಯಾಸ ಇರಬಹುದು. 18ಕ್ಕೆ ಕೊರೆದ ಕಚ್ಚಿನಲ್ಲಿ 17.4ರ ಹಲಗೆ ಗಡಗಡ ಅಲುಗಾಡುತ್ತದೆ. ಮೇಲೆ ಮೈಕಾ ಅಂಟಿಸಿದರೆ ಇನ್ನೊಂದು ಮಿ.ಮೀ. ಏರುತ್ತದೆ. ಸಾಲದ್ದಕ್ಕೆ ಶಿರಸಿಯ ಆಸುಪಾಸಿನಲ್ಲಿ ವರ್ಷಕ್ಕೆ ಸುಮಾರು ಎರಡೂವರೆ ಸಾವಿರ ಮಿ.ಮೀ. ಮಳೆ. ಮರ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲ, ಅಡ್ಡಕ್ಕೆ ಹಿಗ್ಗುವುದು ಧಾರಾಳ. ಆಷಾಢದಲ್ಲಿ ಬಾಗಿಲು ಕಚ್ಚಿಕೊಳ್ಳುವುದಕ್ಕೆ ಯಾರ ಕಣ್ಣೂ ಬಿದ್ದಿಲ್ಲ, ಗಾಳಿಯ ತೇವ ಮರದ ನಾರಿಗೆ ಇಳಿದಿದೆ ಅಷ್ಟೆ. ಪದರಗಳನ್ನು ಒಂದಕ್ಕೊಂದು ಅಡ್ಡಡ್ಡ ಇಟ್ಟು ಅಂಟಿಸಿ, ಒಂದರ ಹಿಗ್ಗನ್ನು ಇನ್ನೊಂದರಿಂದ ತಡೆಯುವುದೇ ಪ್ಲೈವುಡ್ಡಿನ ಜಾಣತನ. ಆದರೂ ಅದರ ದಪ್ಪಕ್ಕೆ ಆ ತಡೆ ಇಲ್ಲ.

ಒಳ್ಳೆಯ ಕಪಾಟಿನ ತಂತ್ರಾಂಶದಲ್ಲಿ ಅದಕ್ಕೇ ನೀವು '18' ಎಂದು ಬರೆಯುವುದಿಲ್ಲ, 'ದಪ್ಪ' ಎಂದು ಬರೆಯುತ್ತೀರಿ. ಒಳ ಅಗಲ ಎಂದರೆ ಹೊರ ಅಗಲ ಕಳೆ ಎರಡು ದಪ್ಪ ಎಂಬ ಸಂಬಂಧವನ್ನು ಒಮ್ಮೆ ಹೇಳಿಬಿಟ್ಟರೆ ಮುಗಿಯಿತು. 600 ಮಿ.ಮೀ. ಕಪಾಟಿಗೆ 17.4ರ ಹಾಳೆ ಬಂದ ದಿನ ಒಂದೇ ಅಂಕಿ ಬದಲಿಸಿ, ಒಳ ಹಲಗೆ 564ರಿಂದ 565.2ಕ್ಕೆ ತಾನೇ ಹೋಗುತ್ತದೆ, ಕಚ್ಚೂ ಕಿರಿದಾಗುತ್ತದೆ. ನಮ್ಮ ಹಳೆಯ ಆಚಾರಿಗಳು ನಾಗಂದಿಗೆಗೆ ಹಲಗೆ ಜೋಡಿಸುವಾಗ ಟೇಪು ಹಿಡಿಯದೆ, ಹಲಗೆಯನ್ನೇ ಇಟ್ಟು ಗೀಟು ಎಳೆಯುತ್ತಿದ್ದದ್ದೂ ಇದೇ ಕಾರಣಕ್ಕೆ. ಕಬ್ಬಿಣದ ಸಾಮಾನಿಗೂ ಇಂಥ ಸಂಬಂಧಗಳಿವೆ: ಎರಡನೇ ಮಹಾಯುದ್ಧದ ನಂತರ ಜರ್ಮನಿಯಲ್ಲಿ ರೂಢಿಗೆ ಬಂದ ಪದ್ಧತಿಯಂತೆ 5 ಮಿ.ಮೀ.ನ ತೂತುಗಳು 32 ಮಿ.ಮೀ. ಅಂತರದಲ್ಲಿ, ಮುಂದಿನ ಅಂಚಿನಿಂದ 37 ಮಿ.ಮೀ. ಒಳಗೆ, ಮತ್ತು ಅಡಗು ಕೀಲಿಗೆ 35 ಮಿ.ಮೀ.ನ ಬಟ್ಟಲುಕುಳಿ. ಇವನ್ನು ಬಾಯಿಪಾಠ ಮಾಡಿದರೆ ನಷ್ಟವಿಲ್ಲ.

ಸಂಬಂಧ, ಸೂತ್ರ ಎನ್ನುವಾಗ ವಾಸ್ತುವಿನ ಆಯದ ಮಾತು ಬಂದೇ ಬರುತ್ತದೆ. ಬಾಗಿಲಿಗೆ ಆಯ ನೋಡುವವರು ಕಪಾಟಿಗೂ ನೋಡಿ ಎಂದರೆ ಹುಡುಗ ಏನು ಮಾಡಬೇಕು? ಉದ್ದವನ್ನು ಅಗಲದಿಂದ ಗುಣಿಸಿ, 9ರಿಂದ ಗುಣಿಸಿ, 8ರಿಂದ ಭಾಗಿಸಿದರೆ ಉಳಿಯುವ ಶೇಷವೇ ಆಯ: ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಕಾಕ. ಮೊದಲನೆಯದಾಗಿ, 9ನ್ನು 8ರಿಂದ ಭಾಗಿಸಿದರೆ ಶೇಷ 1. ಆದ್ದರಿಂದ 9ರಿಂದ ಗುಣಿಸಿದರೂ ಬಿಟ್ಟರೂ ಆಯ ಒಂದೇ, ಆ ಗುಣಾಕಾರ ಬರೀ ಗಾಂಭೀರ್ಯಕ್ಕೆ. ಎರಡನೆಯದು ಇನ್ನೂ ಮಜಾ. ಏಳಡಿ-ಮೂರಡಿಯ ಬಾಗಿಲು ಅಡಿಯ ಲೆಕ್ಕದಲ್ಲಿ 21, ಶೇಷ 5, ವೃಷಭಾಯ, ಶುಭ. ಅದೇ ಬಾಗಿಲು ಇಂಚಿನಲ್ಲಿ 84 × 36, ಶೇಷ ಸೊನ್ನೆ, ಕಾಕ. ಮಿ.ಮೀ.ಯಲ್ಲಿ 2134 × 914, ಶೇಷ 4, ಶ್ವಾನ. ಒಂದೇ ಬಾಗಿಲು ಟೇಪು ತಿರುಗಿಸಿದ ಮಾತ್ರಕ್ಕೆ ಎತ್ತಾಗಿ, ಕಾಗೆಯಾಗಿ, ನಾಯಿಯಾಗುವುದಾದರೆ ಶುಭ-ಅಶುಭ ಇರುವುದು ಟೇಪಿನಲ್ಲೋ ಬಾಗಿಲಿನಲ್ಲೋ? 'ಶಾಸ್ತ್ರದಲ್ಲಿ ಅಂಗುಲ, ಹಸ್ತ ಎಂದು ಮಾನ ಹೇಳಿದೆ' ಎಂದು ವಾದಿಸುವವರಿದ್ದಾರೆ. ಯಾರ ಬೆರಳಿನ ಅಂಗುಲ, ಸ್ವಾಮಿ? ಗಿರಾಕಿ ಒತ್ತಾಯಿಸಿದರೆ ತಂತ್ರಾಂಶದಲ್ಲಿ ಅದನ್ನೂ ಒಂದು ಸೂತ್ರವಾಗಿ ಬರೆದು, ಒಂದೆರಡು ಮಿ.ಮೀ. ಅತ್ತಿತ್ತ ಮಾಡಿ ಗಜಾಯ ತಂದುಕೊಡಬಹುದು. ಆದರೆ ಆಯಕ್ಕಾಗಿ ಅಡುಗೆಮನೆಯ ಕಟ್ಟೆಯ ಎತ್ತರ ಮಾತ್ರ ಬದಲಿಸಬೇಡಿ. ನಿಂತು ಬೇಯಿಸುವವರ ಸೊಂಟಕ್ಕೆ 8ರ ಶೇಷ ಗೊತ್ತಾಗುವುದಿಲ್ಲ.

ಇನ್ನು ಹಾಳೆಯಲ್ಲಿ ತುಂಡುಗಳನ್ನು ಹೊಂದಿಸಿ ವ್ಯರ್ಥ ಕಡಿಮೆ ಮಾಡುವ ಕೆಲಸ. ಇದನ್ನು ತಂತ್ರಾಂಶ ನಮಗಿಂತ ಚೆನ್ನಾಗಿ ಮಾಡುತ್ತದೆ, ವಾದವೇ ಇಲ್ಲ. ಈ ಜಾತಿಯ ಲೆಕ್ಕಕ್ಕೂ ಪ್ಲೈವುಡ್ಡಿಗೂ ಹಳೆಯ ನಂಟು. 1930ರ ದಶಕದ ಕೊನೆಗೆ ಲೆನಿನ್‌ಗ್ರಾಡಿನ ಪ್ಲೈವುಡ್ ಟ್ರಸ್ಟಿನವರು ಯಾವ ಯಂತ್ರಕ್ಕೆ ಯಾವ ಮರ ಕೊಟ್ಟರೆ ಉತ್ಪಾದನೆ ಹೆಚ್ಚುತ್ತದೆ ಎಂದು ಲಿಯೊನಿದ್ ಕಾಂಟರೊವಿಚ್ ಎಂಬ ತರುಣ ಗಣಿತಜ್ಞನನ್ನು ಕೇಳಿದರು. ಅವನು ಹುಡುಕಿದ ಉತ್ತರ 1939ರಲ್ಲಿ ಅಚ್ಚಾಗಿ, ಮುಂದೆ ಲೀನಿಯರ್ ಪ್ರೋಗ್ರಾಮಿಂಗ್ ಎಂಬ ಶಾಸ್ತ್ರವೇ ಬೆಳೆಯಿತು, 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಅವನಿಗೆ ಸಿಕ್ಕಿತು. ದಾಂಡೇಲಿಯಲ್ಲೂ ಒಂದು ಕಾಲಕ್ಕೆ ಇಂಡಿಯನ್ ಪ್ಲೈವುಡ್ ಕಾರ್ಖಾನೆ ಇತ್ತು ಎಂದು ನೆನೆದಾಗೆಲ್ಲ ಅಲ್ಲಿಗೂ ಇಂಥವನೊಬ್ಬ ಬಂದಿದ್ದರೆ ಎನಿಸುತ್ತದೆ. ಒಂದು ಮಾತು: ಜಾಗ ಉಳಿಸುವ ಆಸೆಗೆ ತಂತ್ರಾಂಶ ತುಂಡನ್ನು ಅಡ್ಡ ತಿರುಗಿಸುತ್ತದೆ. ನಾರಿನ ದಿಕ್ಕು ಬದಲಿಸಬೇಡ ಎಂದು ಮೊದಲೇ ಬೀಗ ಹಾಕದಿದ್ದರೆ ಒಂದು ಬಾಗಿಲಿನ ಗೆರೆ ನಿಂತು, ಪಕ್ಕದ ಬಾಗಿಲಿನದು ಮಲಗುತ್ತದೆ.

ಮೊದಲ ಪ್ರಶ್ನೆಯ ಉತ್ತರ ಈಗ. ಸ್ಕೆಚ್‌ಅಪ್‌ನಲ್ಲಿ ಕಪಾಟನ್ನು ಹಲಗೆ ಹಲಗೆಯಾಗಿ ಕಟ್ಟಲು ಕಲಿಯಿರಿ, ಆಮೇಲೆ ಉಚಿತವಾಗಿ ಸಿಗುವ ಫ್ರೀಕ್ಯಾಡ್‌ನಲ್ಲಿ ದಪ್ಪದಂಥ ಸಂಬಂಧಗಳನ್ನು ಹೇಳಲು ಕಲಿಯಿರಿ. ಬಿಟ್ಟಿನ ದಾರಿ ಹಾಕಲು ವಿಕಾರ್ವ್ ಸುಲಭ. ಆರ್ಟ್‌ಕ್ಯಾಮ್ ಎಂಬ ಕೆತ್ತನೆ ತಂತ್ರಾಂಶದ ಕಳ್ಳ ಪ್ರತಿ ಕೊಡುತ್ತೇವೆ ಎನ್ನುವವರನ್ನು ದೂರವಿಡಿ, ಅದರ ಕಂಪನಿಯೇ 2018ರಲ್ಲಿ ಅದನ್ನು ನಿಲ್ಲಿಸಿದೆ. ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಆಧುನಿಕ ಮರಗೆಲಸದ ತರಬೇತಿ ಕೇಂದ್ರವಿದೆ, ಅಲ್ಲಿ ವಿಚಾರಿಸಿ.

ಮೊದಲ ಕಪಾಟು ಕೊರೆಯುವ ಮುನ್ನ ಅದೇ ಹಾಳೆಯ ತುಂಡಿನಲ್ಲಿ ಒಂದು ಕಚ್ಚು ಮಾತ್ರ ಕೊರೆದು, ಅಪ್ಪನ ಕೈಯಲ್ಲಿ ಕಿವಿ ಕೂರಿಸಿ ನೋಡಿ. ಯಂತ್ರ ಅಳತೆ ಶುರುಮಾಡುವ ಸೊನ್ನೆಯ ಜಾಗವನ್ನು ಹಾಳೆಯ ಮಧ್ಯದಲ್ಲಿ ಇಡಬೇಡಿ, ಮುಂದಿನ ಎಡಮೂಲೆಯಲ್ಲಿಡಿ. ಜುಲೈ ತಿಂಗಳಲ್ಲಿ ಕರೆಂಟು ಕೈಕೊಟ್ಟು ಮೋಟರು ನಡುದಾರಿಯಲ್ಲಿ ನಿಂತಾಗ ಯಂತ್ರಕ್ಕೆ ತಾನೆಲ್ಲಿದ್ದೇನೆಂದು ತಿಳಿಯುವುದಿಲ್ಲ. ಬಿಟ್ಟು ಆಗಲೇ ಮಧ್ಯದ ಬಿಂದುವನ್ನು ಕೊರೆದು ತಿಂದಿರಬಹುದು, ಮೂಲೆಯನ್ನಾದರೆ ಬೆರಳಿಟ್ಟು ಮತ್ತೆ ಹುಡುಕಬಹುದು.