ಮೊಬೈಲಿನ ಕೆಂಪು ಬಸ್ಸು ಯಾರದು?

ಮಳೆಗಾಲದಲ್ಲಿ ಶಿರಾಡಿ ಘಾಟಿ ಬಂದ್ ಆಗುವುದು ಸಕಲೇಶಪುರದವರಿಗೆ ಹೊಸ ಸುದ್ದಿಯಲ್ಲ. 2024ರ ಜುಲೈನಲ್ಲಿ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 75ರ ಸಂಚಾರ ಮತ್ತೆ ಮತ್ತೆ ನಿಂತಿತ್ತು. ಆದರೆ ಆಲೂರು, ಬಾಳ್ಳುಪೇಟೆ, ಸಕಲೇಶಪುರದ ಹುಡುಗರ ಮೊಬೈಲಿನಲ್ಲಿ ಘಟ್ಟ ಹತ್ತುವ ಬಸ್ಸು ಯಾವ ಮಳೆಗೂ ನಿಲ್ಲುವುದಿಲ್ಲ. ಅದು ಓಡುವುದು ಇಂಡೊನೇಷ್ಯಾದ ಮಾಲಿಯೊ ಎಂಬ ಸಂಸ್ಥೆ 2017ರಲ್ಲಿ ಹೊರತಂದ ಬಸ್ ಚಾಲನೆಯ ಆಟದೊಳಗೆ; ಬಸ್ಸು ಮಾತ್ರ ನಮ್ಮದೇ. ಕೆಂಪು ಬಣ್ಣದ ಕರ್ನಾಟಕ ಸಾರಿಗೆ, ರಾಜಹಂಸ, ಐರಾವತ, 2024ರಲ್ಲಿ ರಸ್ತೆಗಿಳಿದ ಅಶ್ವಮೇಧ, ಎಲ್ಲವೂ ಅಲ್ಲಿವೆ.

ಇವನ್ನು ಮಾಡಿದ್ದು ಮಾಲಿಯೊ ಅಲ್ಲ, ಸಾರಿಗೆ ನಿಗಮವೂ ಅಲ್ಲ. ಆಟಗಾರರು ತಮ್ಮದೇ ವಾಹನವನ್ನು ತಂದು ಸೇರಿಸಲು ಆ ಆಟದಲ್ಲಿ ಅವಕಾಶವಿದೆ. ಇದನ್ನು ಬಲ್ಲವರು 'ಮಾಡ್' ಎನ್ನುತ್ತಾರೆ. ಬ್ಲೆಂಡರ್‌ನಂತಹ ತಂತ್ರಾಂಶದಲ್ಲಿ ಬಸ್ಸಿನ ಮೈಯನ್ನು ಮೂರು ಆಯಾಮಗಳಲ್ಲಿ ಕಟ್ಟಬೇಕು. ಕಿಟಕಿ, ಚಕ್ರ, ಸ್ಟೀರಿಂಗ್‌ಗಳನ್ನು ಬಿಡಿಬಿಡಿಯಾಗಿ ಜೋಡಿಸಬೇಕು. ಬಣ್ಣ ಮತ್ತು ಅಕ್ಷರಗಳನ್ನು ಚಪ್ಪಟೆ ಚಿತ್ರವಾಗಿ ಬರೆದು ಅದರ ಮೇಲೆ ಹೊದಿಸಬೇಕು. ಮುಂಭಾಗದ ಕನ್ನಡ ಫಲಕದ ಅಕ್ಷರ ಸೊಟ್ಟಗಾದರೂ ಅಭಿಮಾನಿಗಳು ಬಿಡುವುದಿಲ್ಲ. ವಾರಗಟ್ಟಲೆ ರಾತ್ರಿ ನಿದ್ದೆಗೆಟ್ಟು ಮಾಡುವ ಕೆಲಸವಿದು.

ಇಷ್ಟು ಮಾಡಿ ಹಂಚಿದ ಮೇಲೆ ಆಗುವುದೇನು? ಇನ್ನಾರೋ ಆ ಕಡತವನ್ನು ಇಳಿಸಿಕೊಂಡು, ಮಾಡಿದವರ ಹೆಸರು ತೆಗೆದು, ತಮ್ಮ ಯೂಟ್ಯೂಬ್ ಚಾನೆಲ್ಲಿನಲ್ಲಿ ಜಾಹೀರಾತಿನ ಕೊಂಡಿಯೊಂದಿಗೆ ಮತ್ತೆ ಹಂಚುತ್ತಾರೆ. ಬರುವ ನಾಲ್ಕು ಕಾಸು ಅವರಿಗೆ. ಇದಕ್ಕೆ ಮಾಡುಗರು ಕಂಡುಕೊಂಡ ಉಪಾಯಗಳು ಸ್ವಾರಸ್ಯಕರ. ಕಡತಕ್ಕೆ ಗುಪ್ತಪದದ ಬೀಗ ಹಾಕಿ, ಆ ಪದವನ್ನು ತಮ್ಮ ವಿಡಿಯೊದ ನಡುವೆಲ್ಲೋ ಕ್ಷಣಕಾಲ ತೋರಿಸುವುದು ಒಂದು. ಬಸ್ಸಿನ ಮೈಮೇಲೆಯೇ ಹೆಸರು ಬರೆಯುವುದು ಇನ್ನೊಂದು. ಘಟ್ಟದಲ್ಲಿ ಓಡುವ ನಿಜವಾದ ಖಾಸಗಿ ಬಸ್ಸುಗಳ ಹಿಂಬದಿಯಲ್ಲೂ ಬಾಡಿ ಕಟ್ಟಿದವರ ಹೆಸರು ಇರುತ್ತದಲ್ಲವೇ?

ಅಭಿಮಾನಿಗಳ ವಲಯದಲ್ಲಿ ಜಗಳವೆಲ್ಲ ಈ ಹೆಸರಿನ ಸುತ್ತಲೇ. ಹಣಕ್ಕಿಂತ ಹೆಸರಿಗಾಗಿ ಅವರು ಹೆಚ್ಚು ಕಾದಾಡುತ್ತಾರೆ. ಇದು ಬಾಲಿಶವೆಂದು ತೋರಿದರೆ ಈ ಉದ್ಯಮದ ಇತಿಹಾಸವನ್ನು ನೋಡಬೇಕು. ಎಪ್ಪತ್ತರ ದಶಕದ ಕೊನೆಯಲ್ಲಿ ಅಮೆರಿಕದ ಅಟಾರಿ ಕಂಪೆನಿ ಆಟ ರಚಿಸಿದವರ ಹೆಸರನ್ನು ಎಲ್ಲಿಯೂ ಹಾಕುತ್ತಿರಲಿಲ್ಲ. ವಾರನ್ ರಾಬಿನೆಟ್ ಎಂಬ ನೌಕರ 'ಅಡ್ವೆಂಚರ್' ಎಂಬ ಆಟದ ಗುಪ್ತ ಕೋಣೆಯೊಂದರಲ್ಲಿ ತನ್ನ ಹೆಸರನ್ನು ಅಡಗಿಸಿಟ್ಟ. ಇದೇ ಅಸಮಾಧಾನದಿಂದ ಅಟಾರಿ ಬಿಟ್ಟು ಬಂದ ನಾಲ್ವರು ತಂತ್ರಜ್ಞರು 1979ರಲ್ಲಿ ಆಕ್ಟಿವಿಷನ್ ಸಂಸ್ಥೆಯ ಹುಟ್ಟಿಗೆ ಕಾರಣರಾದರು.

ಸಕಲೇಶಪುರದ ಬೆಳೆಗಾರರಿಗೆ ಈ ನೋವು ಬೇಗ ಅರ್ಥವಾದೀತು. ತೊಂಬತ್ತರ ದಶಕದವರೆಗೆ ಕಾಫಿಯನ್ನು ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಎಷ್ಟೇ ಮುತುವರ್ಜಿಯಿಂದ ಬೆಳೆದಿದ್ದರೂ ಅಲ್ಲಿ ತೋಟದ ಹೆಸರು ಅಳಿಸಿಹೋಗುತ್ತಿತ್ತು. ಮುಕ್ತ ಮಾರಾಟ ಬಂದ ಮೇಲಲ್ಲವೇ ತೋಟದ ಹೆಸರು ಹೊತ್ತ ಕಾಫಿ ಪೊಟ್ಟಣಗಳು ಅಂಗಡಿಗೆ ಬಂದದ್ದು?

ಕಾನೂನು ಏನು ಹೇಳುತ್ತದೆ? ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಲೆಕ್ಕದಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿ. ಕಥೆ ಕಾದಂಬರಿಗಳ ಪಂಕ್ತಿಯಲ್ಲೇ ಅದಕ್ಕೂ ಎಲೆ ಹಾಕಲಾಗಿದೆ. ಚಿತ್ರವು ಕಲಾಕೃತಿಯೆನಿಸಲು ಅದರಲ್ಲಿ ಕಲಾತ್ಮಕ ಗುಣ ಇರಲೇಬೇಕೆಂದಿಲ್ಲ. ನೌಕರಿಯಲ್ಲಿದ್ದು ಮಾಡಿದ ಕೃತಿಯ ಮೊದಲ ಒಡೆತನ ಸಾಮಾನ್ಯವಾಗಿ ಮಾಲೀಕರದು. ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾಗಿ 2019ರಲ್ಲಿ ರಾಕ್‌ಸ್ಟಾರ್ ಕಂಪೆನಿಯ ಪಾಲಾದ ಧ್ರುವ ಇಂಟರಾಕ್ಟಿವ್‌ನಂತಹ ಸಂಸ್ಥೆಗಳ ಕಲಾವಿದರು ಹೊರದೇಶದ ಆಟಗಳಿಗೆ ದುಡಿದದ್ದು ಇಂಥ ವ್ಯವಸ್ಥೆಯಲ್ಲೇ. ಆದರೆ ಕಾಯ್ದೆಯ 57ನೇ ಕಲಮು ಇನ್ನೊಂದು ಮಾತು ಹೇಳುತ್ತದೆ: ಹಕ್ಕನ್ನು ಮಾರಿದ ಮೇಲೂ 'ಇದು ನನ್ನ ರಚನೆ' ಎನ್ನುವ ಅಧಿಕಾರ ಕರ್ತೃವಿನಲ್ಲೇ ಉಳಿಯುತ್ತದೆ. ವಿಜ್ಞಾನ ಭವನದ ಗೋಡೆಯಿಂದ ಕಿತ್ತುಹಾಕಿದ ತನ್ನ ಶಿಲ್ಪಕ್ಕಾಗಿ ಸರ್ಕಾರದ ವಿರುದ್ಧವೇ ಹೋರಾಡಿದ ಅಮರನಾಥ ಸೆಹಗಲ್ ಅವರನ್ನು ದೆಹಲಿ ಹೈಕೋರ್ಟ್ 2005ರಲ್ಲಿ ಎತ್ತಿಹಿಡಿದದ್ದು ಈ ಕಲಮಿನ ಬಲದ ಮೇಲೆ.

ಬಸ್ಸಿನ ಹುಡುಗರ ವಿಷಯ ಅಷ್ಟು ಸರಳವಲ್ಲ, ನಿಜ. ಅವರು ನಕಲಿಸಿದ ಬಣ್ಣ ನಿಗಮದ್ದು, ವಿನ್ಯಾಸ ಬಸ್ ತಯಾರಕರದ್ದು, ಆಟ ಮಾಲಿಯೊದ್ದು. 'ಕೆಎಸ್‌ಆರ್‌ಟಿಸಿ' ಎಂಬ ಹೆಸರಿಗಾಗಿ ಕೇರಳ ಮತ್ತು ಕರ್ನಾಟಕಗಳೇ ವರ್ಷಗಟ್ಟಲೆ ಸೆಣಸಿ, 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಬೇಕಾಯಿತು. ಅನುಮತಿಯಿಲ್ಲದ ಅನುಕರಣೆಗೆ ಎಷ್ಟು ರಕ್ಷಣೆಯೆಂಬುದು ವಕೀಲರ ವಾದಕ್ಕೆ ಬಿಟ್ಟದ್ದು. ಕದ್ದವರನ್ನು ಬೈಯುವ ಅಭಿಮಾನಿಗಳಲ್ಲೇ ಹಲವರು ಕದ್ದ ಕೊಂಡಿಯಿಂದ ಇಳಿಸಿಕೊಳ್ಳುತ್ತಾರೆ. ಎಲ್ಲವೂ ಬಿಟ್ಟಿ ಬೇಕು, ಮಾಡುಗರು ತಿಂಗಳಿಗೊಂದು ಬಸ್ಸು ಕೊಡದಿದ್ದರೆ ಬೈಗುಳವೂ ಉಂಟು. ಈ ಇಬ್ಬಂದಿತನವನ್ನು ಅವರು ಒಪ್ಪಿಕೊಳ್ಳಬೇಕು.

ಪತ್ರಿಕೆಗಳ ಬಗ್ಗೆ ಅವರಿಗಿರುವ ದೂರು ಮಾತ್ರ ನ್ಯಾಯವಾದದ್ದು. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾದಾಗ ಮುಖಪುಟ ಸಿಕ್ಕಿತು. ಆನ್‌ಲೈನ್ ಜೂಜನ್ನು ತಡೆಯಲು ರಾಜ್ಯ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಗೊಳಿಸಿದಾಗಲೂ ಸಿಕ್ಕಿತು. ಗೇಮ್ ಎಂದರೆ ನಿಷೇಧ, ಸಾಲ, ಚಟ. ಅದನ್ನು ಯಾರೋ ಕೂತು ಕಟ್ಟಿದ್ದಾರೆ ಎಂಬ ಸುದ್ದಿಗೆ ಒಳಪುಟದಲ್ಲೂ ಜಾಗವಿಲ್ಲ. ಚಟದ ಆತಂಕ ಸುಳ್ಳೆಂದಲ್ಲ, ಮನೆಮಾರು ಕಳೆದುಕೊಂಡವರಿದ್ದಾರೆ. ಆದರೆ ಕನ್ನಡದಲ್ಲಿ ಆಟ ಬೇರೆ, ಜೂಜು ಬೇರೆ. ಪಗಡೆಯನ್ನು ಬಲ್ಲ ನಮ್ಮ ಹಿರಿಯರಿಗೆ ಈ ಗೆರೆ ಎಲ್ಲಿದೆಯೆಂದು ಚೆನ್ನಾಗಿ ಗೊತ್ತಿತ್ತು. ಎರಡನ್ನೂ 'ಆನ್‌ಲೈನ್ ಗೇಮ್' ಎಂದು ಒಂದೇ ಚೀಲಕ್ಕೆ ತುಂಬಿದ್ದು ನಾವು, ಪತ್ರಿಕೆಯವರು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಕಟ್ಟಿ ಆಡುವುದನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಮತ್ತು ಮನರಂಜನೆಯ ಆಟಗಳನ್ನು ಬೇರೆಯಾಗಿ ಗುರುತಿಸಿದೆ. ಶೀರ್ಷಿಕೆ ಬರೆಯುವವರು ಕಾಯ್ದೆಯಷ್ಟಾದರೂ ವಿವೇಚನೆ ತೋರಬಹುದು.

ಸಾರಿಗೆ ನಿಗಮವೂ ಒಂದು ಕೆಲಸ ಮಾಡಬಹುದು. ತನ್ನ ಬಸ್ಸುಗಳ ಅಳತೆ ಮತ್ತು ಬಣ್ಣದ ವಿವರಗಳನ್ನು ಬಿಡುಗಡೆ ಮಾಡಿ, ಮಾರಾಟಕ್ಕಲ್ಲದ ಬಳಕೆಗೆ ಅನುಮತಿಯಿತ್ತು, ಮಾಡಿದವರ ಹೆಸರನ್ನು ಅಳಿಸಬಾರದೆಂಬ ಒಂದೇ ಷರತ್ತು ವಿಧಿಸಿದರೆ ಸಾಕು. ಇದಕ್ಕೆ ಹಣ ಬೇಡ; ಒಂದು ಸುತ್ತೋಲೆ ಬೇಕು.