ಸಭೆಯಲ್ಲಿ ಸದಸ್ಯರ ಗದ್ದಲ: ಅಧ್ಯಕ್ಷರ ಕೈಯಾಗ ಏನೈತಿ, ನಮ್ಮ ಕೈಯಾಗ ಏನೈತಿ?

ರನ್ನ ಬೆಳಗಲಿ: ಪಟ್ಟಣ ಪಂಚಾಯಿತಿ ಸಾಮಾನ್ಯ ಸಭೆ ಮುಗೀತು ಅಂದ್ರ ಚಹಾದ ಅಂಗಡಿಯಾಗ ಮೊದಲು ಕೇಳೋದು, ‘ಇವತ್ತ ಯಾರ್ಯಾರ ಜಗಳಾಡಿದ್ರು?’ ಯಾವ ಠರಾವು ಪಾಸಾತು ಅಂತ ಕೇಳೋರು ಕಡಿಮೆ. ವರದಿ ಮಾಡೋ ನಾವೂ ಹಂಗೇ, ಗದ್ದಲದ ವಿಡಿಯೊನೇ ಮೊದಲು ಹಾಕ್ತೀವಿ. ಆದರೆ ಆ ಹತ್ತು ನಿಮಿಷದ ಕೂಗಾಟದಾಗ ಮಳಿಗೆ ಬಾಡಿಗೆ, ಸಂತೆ ಕರದ ಹರಾಜು, ನಲ್ಲಿ ನೀರಿನ ದರದಂಥ ವಿಷಯ ಚರ್ಚೆನೇ ಇಲ್ದ ದಾಟಿ ಹೋಗಬಹುದು. ಮರುದಿನ ರೊಕ್ಕ ಕಟ್ಟೋರು ನಾವು.

ಪಟ್ಟಣ ಪಂಚಾಯಿತಿ, ಪುರಸಭೆ ಎರಡೂ ನಡೆಯೋದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಪ್ರಕಾರ. ಸಭೆ ನಡೆಸುವ ಅಧಿಕಾರ ಅಧ್ಯಕ್ಷರದು, ಅವರು ಇಲ್ಲದಿದ್ದರೆ ಉಪಾಧ್ಯಕ್ಷರದು. ಕಲಾಪಕ್ಕೆ ಅಡ್ಡಿ ಮಾಡುವವರನ್ನು ಹೊರಗೆ ಕಳಿಸಬಹುದು, ಮತ ಸಮ ಬಂದರೆ ನಿರ್ಣಾಯಕ ಮತ ಹಾಕಬಹುದು. ಆದರೆ ‘ನಿನ್ನ ಸದಸ್ಯತ್ವನೇ ತೆಗೀತೀನಿ’ ಅಂತ ಯಾರಾದ್ರೂ ಅಂದ್ರ ನಂಬಬೇಡ್ರಿ. ದುರ್ನಡತೆ ಕಾರಣಕ್ಕೆ ಸದಸ್ಯರನ್ನು ತೆಗೆಯುವ ಅಧಿಕಾರ ಸರ್ಕಾರದ್ದು, ಅಧ್ಯಕ್ಷರದಲ್ಲ.

2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಸ್ಪೀಕರ್ ಯು.ಟಿ. ಖಾದರ್ ಅವರು ಬಿಜೆಪಿಯ 18 ಶಾಸಕರನ್ನು ಆರು ತಿಂಗಳು ಅಮಾನತು ಮಾಡಿದ್ದು ನೆನಪಿರಬೇಕು. ಮೇ ತಿಂಗಳಲ್ಲಿ ಅದನ್ನು ವಾಪಸ್ ಪಡೆದರು. ಅದನ್ನು ನೋಡಿ ನಮ್ಮ ಊರಿನ ಸಭೆಯೂ ಸಣ್ಣ ವಿಧಾನಸೌಧ ಅಂತ ತಿಳ್ಕೊಂಡವರು ಅದಾರ. ಅಲ್ಲ. ಶಾಸಕರು ಸದನದೊಳಗೆ ಆಡಿದ ಮಾತಿಗೆ ಸಂವಿಧಾನದ 194ನೇ ವಿಧಿ ರಕ್ಷಣೆ ಕೊಡುತ್ತದೆ, ಅದರ ಮೇಲೆ ಕೋರ್ಟ್ ಕೇಸ್ ಹಾಕಲು ಬರೋದಿಲ್ಲ. ಪಟ್ಟಣ ಪಂಚಾಯಿತಿ ಸದಸ್ಯರಿಗೆ ಆ ವಿಧಿಯ ರಕ್ಷಣೆ ಇಲ್ಲ. ಸಭೆಯಾಗ ಯಾರನ್ನಾದ್ರೂ ಬೈದು ಅವಮಾನಿಸಿದರೆ, ನೌಕರರ ಮೇಲೆ ಕೈ ಮಾಡಿದರೆ ಹೊರಗಿನ ಕಾನೂನೇ ಅನ್ವಯ.

ಕೈ ಮಾಡೋದು ದೂರದ ಮಾತಲ್ಲ. ಪಕ್ಕದ ಮಹಾಲಿಂಗಪುರ ಪುರಸಭೆಯಲ್ಲಿ 2020ರ ನವೆಂಬರ್ 9ರಂದು ಅಧ್ಯಕ್ಷ-ಉಪಾಧ್ಯಕ್ಷರ ಚುನಾವಣೆ ದಿನ ಮತ ಹಾಕಲು ಬಂದ ಸದಸ್ಯೆಯನ್ನು ಮೆಟ್ಟಿಲ ಮೇಲೆ ಎಳೆದಾಡಿದ ವಿಡಿಯೊ ರಾಜ್ಯವೆಲ್ಲ ನೋಡಿತು.

ಹಂಗಂತ ಜೋರು ದನಿಯ ಸದಸ್ಯರೆಲ್ಲ ಕೆಟ್ಟವರಲ್ಲ. ಕುಡಿಯೋ ನೀರು ಎಂಟು ದಿನಕ್ಕೊಮ್ಮೆ ಬಂದರೆ ವಾರ್ಡ್ ಸದಸ್ಯ ಮೆಲ್ಲಗೆ ಮಾತಾಡ್ಬೇಕಾ? ವಿರೋಧ ಮಾಡೋದು ಅವರ ಹಕ್ಕು. ತೊಂದರೆ ಏನಂದ್ರ, ಕೂಗಿದ್ದು ನಡಾವಳಿ ಪುಸ್ತಕಕ್ಕೆ ಏರೋದಿಲ್ಲ. ಮೇಜು ಗುದ್ದಿ ಹೊರನಡೆದ ಸದಸ್ಯರ ಹೆಸರು ಹಾಜರಿಯಲ್ಲಿ ಇರುತ್ತದೆ, ವಿರೋಧ ಮಾತ್ರ ಇರೋದಿಲ್ಲ. ಆಮೇಲೆ ಠರಾವಿನಲ್ಲಿ ‘ಸರ್ವಾನುಮತದಿಂದ’ ಅಂತ ಬರೆದಿದ್ದರೆ ಪ್ರಶ್ನಿಸೋದು ಕಷ್ಟ. ಕುಳಿತು ‘ನನ್ನ ವಿರೋಧ ದಾಖಲಿಸಿ, ಪರ-ವಿರೋಧ ಮತ ಹಾಕಿದವರ ಹೆಸರು ಬರೀರಿ’ ಅಂತ ಕೇಳಿದರೆ ಅದು ಕಾಗದದ ಮೇಲೆ ಉಳಿಯುತ್ತದೆ. ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದ ಸಭೆಗಳಲ್ಲಿ ಹೀಗೆ ಕೇಳಿದವರು ಬೆರಳೆಣಿಕೆ.

ಇನ್ನು ನಮ್ಮ ವಿಷಯ. ಊರು ಗ್ರಾಮ ಪಂಚಾಯಿತಿ ಆಗಿದ್ದಾಗ ಗ್ರಾಮಸಭೆಯಲ್ಲಿ ಯಾರು ಬೇಕಾದರೂ ಎದ್ದು ನಿಂತು ಕೇಳಬಹುದಿತ್ತು. ಪಟ್ಟಣ ಪಂಚಾಯಿತಿಗೆ ಗ್ರಾಮಸಭೆ ಇಲ್ಲ. ಸಂವಿಧಾನ ವಾರ್ಡ್ ಸಮಿತಿ ಕಡ್ಡಾಯ ಮಾಡಿದ್ದು ಮೂರು ಲಕ್ಷ ಮೇಲಿನ ಜನಸಂಖ್ಯೆಯ ಊರುಗಳಿಗೆ. ಸಾಮಾನ್ಯ ಸಭೆಗೆ ಹೋಗಿ ಕುಂತು ನೋಡಬಹುದು, ಗೌಪ್ಯವಾಗಿ ನಡೆಸಬೇಕು ಅಂತ ಅಧ್ಯಕ್ಷರು ತೀರ್ಮಾನಿಸಿದ ವಿಷಯ ಬಿಟ್ಟು. ಆದರೆ ನಡುವೆ ಎದ್ದು ಮಾತಾಡಿದರೆ ಹೊರಗೆ ಕಳಿಸಬಹುದು, ಅದು ನಮಗೂ ಅನ್ವಯ.

ಹಂಗಾಗಿ ಅಂಗಡಿಕಾರರು ಸಭೆಗೆ ಮೊದಲೇ ಕೆಲಸ ಮಾಡ್ಬೇಕು. ಸಾಮಾನ್ಯ ಸಭೆಗೆ ಏಳು ದಿನ ಮುಂಚೆ ನೋಟಿಸ್ ಹೊರಡಬೇಕು. ಅದರಾಗ ಬಾಡಿಗೆ, ಕರದ ವಿಷಯ ಇದ್ದರೆ ಲಿಖಿತ ಮನವಿಯನ್ನು ಮುಖ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ರಿ, ಒಂದು ಪ್ರತಿ ವಾರ್ಡ್ ಸದಸ್ಯರಿಗೆ ಕೊಡ್ರಿ. ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನ ಕರೀತಾರ, ಅಲ್ಲಿ ಬಾಯಿಬಿಟ್ಟು ಹೇಳಬಹುದು. ಸಭೆ ಮುಗಿದ ಮೇಲೆ ಠರಾವಿನ ನಕಲು ಸಿಗದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ. 30 ದಿನದೊಳಗೆ ಉತ್ತರ ಕೊಡಬೇಕು. ಬಿಪಿಎಲ್ ಕಾರ್ಡ್ ಇದ್ದವರಿಗೆ ಅರ್ಜಿ ಶುಲ್ಕವೂ ಇಲ್ಲ.